ಬಾಗಿಲ ಮೇಲಿನ ಹೆಸರು

ಕರಿಂಗಾ ಹೊಳೆಯ ದಡದ ‘ಮೂರು ಲಾಳ’ ಹೋಟೆಲಿನ ಬಾಗಿಲ ಮೇಲೆ ಹನ್ನೊಂದು ವರ್ಷದಿಂದ ಇದ್ದದ್ದು ಸೈಲಸ್ ರೊಸ್ಕಿಲಿಯ ಹೆಸರು. ಜೂನ್ ತಿಂಗಳ ಒಂದು ಮಧ್ಯಾಹ್ನ, ಕುರಿಮಾಂಸದ ಸಾರಿಗೆ ಬ್ರೆಡ್ಡು ಅದ್ದಿಕೊಳ್ಳುತ್ತಾ, ಅದನ್ನು ಅಳಿಸಿಬಿಡುತ್ತೇನೆಂದು ಅವನೇ ಹೇಳಿದ.

“ಲೈಸನ್ಸು ಅತ್ತೆ ಹೆಸರಿಗೆ ಮಾಡಿಸ್ತೀನಿ.”

ಅತ್ತೆ ಕೆಜಾಯಾ ಒಲೆಯ ಪಕ್ಕದ ತನ್ನ ಕುರ್ಚಿಯಲ್ಲಿ ಕೂತು ಟರ್ನಿಪ್ ಸಿಪ್ಪೆ ಹೆರೆಯುತ್ತಿದ್ದಳು. “ಯಾಕಪ್ಪಾ? ಸಾಯೋ ಯೋಚನೆ ಏನಾದ್ರೂ ಮಾಡಿದ್ಯಾ?” ಎಂದಳು.

“ಎಲೆಕ್ಷನ್ನಿಗೆ ನಿಲ್ತಿದೀನಿ. ಮೆಲ್ಬರ್ನ್ ಅಸೆಂಬ್ಲಿಗೆ.”

“ನೀನಾ! ಪೀಪಾಯಿ ಉರುಳಿಸೋ ಕೆಲ್ಸಕ್ಕೆ ಬಂದೋನು. ಮೆಲ್ಬರ್ನಿಗೂ ಉರುಳಿಸ್ಕೊಂಡೇ ಹೋಗ್ತೀಯೋ, ಗಾಡಿ ಮಾಡ್ಕೋತೀಯೋ?”

ಮೊಮ್ಮಗಳು ಟ್ಯಾಮ್ಸಿನ್ ನಗು ತಡೆಯಲಾರದೆ ತಟ್ಟೆ ಎತ್ತುವ ನೆಪದಲ್ಲಿ ತಿರುಗಿಕೊಂಡಳು. ಅವಳ ತಾಯಿ ಡಾರ್ಕಸ್ ನಗಲಿಲ್ಲ. ಡಾರ್ಕಸ್ ಆ ಮನೆಯಲ್ಲಿ ಗಂಡನ ಮುಖ ನೋಡದೆ ನಕ್ಕದ್ದೇ ಇಲ್ಲ.

ಕೆಜಾಯಾ ಮತ್ತು ಅವಳ ಗಂಡ ಕಾರ್ನ್‌ವಾಲಿನಿಂದ ಹಡಗು ಹತ್ತಿ ಬಂದು, ಚಿನ್ನ ಅಗೆಯಲು ಹೋಗುವವರ ದಾರಿಯಲ್ಲಿ ಮೊದಲು ಗುಡಾರ ಹಾಕಿ, ಆಮೇಲೆ ಮರದ ಗೋಡೆ, ಆಮೇಲೆ ಕಲ್ಲಿನ ಗೋಡೆ ಎಬ್ಬಿಸಿ ಕಟ್ಟಿದ ಹೋಟೆಲು ಅದು. ಗಂಡ ಸಾಯುವಾಗ ಅದನ್ನು ಮಗಳಿಗೆ ಬರೆದ. ಡಾರ್ಕಸಳ ಮೊದಲ ಗಂಡ ಗಣಿ ಕುಸಿದು ಸತ್ತ. ಕಂಕುಳಲ್ಲಿ ಹೆಣ್ಣುಮಗು, ಕೈಯಲ್ಲಿ ಇಷ್ಟು ದೊಡ್ಡ ವ್ಯಾಪಾರ. ಅವಳು ಕೆಲವು ವರ್ಷ ಏಗಿ, ಬಾರಿನಲ್ಲಿ ಕೆಲಸಕ್ಕಿದ್ದ ಸೈಲಸ್‌ನನ್ನು ಕಟ್ಟಿಕೊಂಡಳು. ಹೆಂಡತಿಯ ಆಸ್ತಿ ಗಂಡನದು ಅನ್ನುವುದು ಕಾನೂನು. ಮದುವೆಯ ಮರುದಿನ ಹೋಟೆಲು ಅವನದಾಯಿತು. ಅಜ್ಜಿಗೆ ಉಳಿದದ್ದು ಅಡುಗೆಮನೆಯ ಹಿಂದಿನ ಸಣ್ಣ ಕೋಣೆ, ಒಲೆಯ ಪಕ್ಕದ ಕುರ್ಚಿ, ಮತ್ತು ಸತ್ತರೆ ಈ ಮನೆಯಲ್ಲೇ ಸಾಯಬೇಕೆಂಬ ಹಟ.

“ಚಾಪೆಲಿಗೆ ಪ್ರಾರ್ಥನೆಗೆ ಹೋಗೋರು ಹೆಂಡ ಮುಟ್ಟಲ್ಲ, ಹೆಂಡ ಮಾರೋನಿಗೆ ವೋಟೂ ಹಾಕಲ್ಲ,” ಎಂದು ಸೈಲಸ್ ವಿವರಿಸಿದ. “ಇನ್ನೂರು ವೋಟು ಅವ್ರದ್ದು. ಹೋಟ್ಲು ನಂದಲ್ಲ ಅಂದ್ರೆ ಹಾಕ್ತಾರೆ.”

“ಅಮ್ಮನ ಹೆಸ್ರಿಗೆ ಮಾಡ್ಸಿ, ಮಿಸ್ಟರ್ ರೊಸ್ಕಿಲಿ,” ಎಂದಳು ಟ್ಯಾಮ್ಸಿನ್. ಹನ್ನೊಂದು ವರ್ಷದಲ್ಲಿ ಅವಳ ಬಾಯಿಂದ ಅವನಿಗೆ ಅಪ್ಪ ಅನ್ನುವ ಮಾತು ಬಂದಿರಲಿಲ್ಲ.

“ಗಂಡ ಇರೋ ಹೆಂಗಸಿಗೆ ಕೊಡಲ್ಲ. ವಿಧವೆಗೆ ಕೊಡ್ತಾರೆ. ಹೆಸರೊಂದು ಅತ್ತೇದು, ಮಿಕ್ಕಿದ್ದೆಲ್ಲಾ ಇದ್ದ ಹಾಗೇ.”

ಅಜ್ಜಿ ಸಿಪ್ಪೆಯನ್ನು ಬುಟ್ಟಿಗೆ ಹಾಕಿದಳು. “ಹೆಸರು ಬಾಗ್ಲ ಮೇಲೆ ಬರತ್ತಾ?”

“ಬರಲೇಬೇಕು. ಲೈಸನ್ಸ್ ಇರೋರ ಹೆಸ್ರು ರಸ್ತೆಗೆ ಕಾಣ್ಬೇಕು ಅಂತ ರೂಲ್ಸಿದೆ.”

“ಹಂಗಾದ್ರೆ ದೊಡ್ಡಕ್ಷರದಲ್ಲಿ ಬರ್ಸು. ಕುಡಿದು ಹೋಗೋರಿಗೂ ಕಾಣ್ಲಿ.”

ಮೂವತ್ತು ವರ್ಷ ಹಿಟ್ಟು ನಾದಿದವಳಿಗೆ, ಪೀಪಾಯಿ ತೊಳೆದವಳಿಗೆ, ಗುದ್ದಾಟ ಬಿಡಿಸಲು ಹೋಗಿ ಎರಡು ಹಲ್ಲು ಕಳಕೊಂಡವಳಿಗೆ ಒಂದು ಹಲಗೆಯ ಆಸೆ ಇರಬಾರದೇ? ಇರಬಹುದು. ಆದರೆ ಆ ಹಲಗೆಯ ಕೆಳಗೆ ಏನೇ ನಡೆದರೂ ಹಲಗೆಯವಳೇ ಉತ್ತರ ಹೇಳಬೇಕು ಅನ್ನುವುದನ್ನು ಸೈಲಸ್ ಹೇಳಲಿಲ್ಲ, ಅವಳು ಕೇಳಲಿಲ್ಲ.

ಬಣ್ಣದವನು ಬಂದ ದಿನ ಅಜ್ಜಿ ಕುರ್ಚಿ ಹೊರಗೆ ಹಾಕಿಸಿಕೊಂಡು, ಎರಡು ಶಾಲು ಹೊದ್ದು, ರಸ್ತೆಯ ಮಧ್ಯೆ ಕೂತಳು. ಅವಳಿಗೆ ಓದು ಬಾರದು. ಟ್ಯಾಮ್ಸಿನ್ ಪಕ್ಕದಲ್ಲಿ ನಿಂತು ಒಂದೊಂದಕ್ಷರ ಮೂಡಿದಂತೆ ಓದಿ ಹೇಳಿದಳು: ಕೆಜಾಯಾ ನ್ಯಾನ್‌ಕಿವೆಲ್, ಮದ್ಯ ಮಾರಲು ಪರವಾನಗಿ ಉಳ್ಳವಳು.

“ಇನ್ನೊಂದ್ಸಲ ಓದು ಕೂಸೇ.”

ಟ್ಯಾಮ್ಸಿನ್ ಮತ್ತೆ ಓದಿದಳು. ಎತ್ತಿನ ಗಾಡಿಯವನೊಬ್ಬ ದಾರಿಗಾಗಿ ಕೂಗುತ್ತಿದ್ದ. ಅಜ್ಜಿ ಏಳಲಿಲ್ಲ. “ಸುತ್ತಿ ಹೋಗಯ್ಯಾ. ಓನರು ಕೂತಿದೀನಿ,” ಎಂದಳು.

ಜುಲೈ ಬಂತು, ಆ ದಕ್ಷಿಣದ ಸೀಮೆಯ ಚಳಿಗಾಲ ಬಂತು, ಮತದ ದಿನ ಹತ್ತಿರವಾಯಿತು. ಚಾಪೆಲಿನ ಚಹಾ ಕೂಟಕ್ಕೆ ಟ್ಯಾಮ್ಸಿನ್ ಆರು ಡಜನ್ ಕೇಸರಿ ಬನ್ನು ಬೇಯಿಸಿ ಹೊತ್ತುಕೊಂಡು ಹೋದಳು. ಅಲ್ಲಿ ಸೈಲಸ್ ಎಲ್ಲರೆದುರು ಎದ್ದು ನಿಂತು, ಇನ್ನು ಜೀವಮಾನದಲ್ಲಿ ಹೆಂಡ ಮುಟ್ಟುವುದಿಲ್ಲವೆಂದು ಆಣೆಪತ್ರಕ್ಕೆ ಸಹಿ ಹಾಕಿದ. “ಆ ಹೋಟೆಲಿಗೂ ನನಗೂ ಸಂಬಂಧ ಇಲ್ಲ. ವಯಸ್ಸಾದ ಅತ್ತೆಯನ್ನು ನೋಡಿಕೊಳ್ಳಲು ಅಲ್ಲಿದ್ದೇನೆ,” ಎಂದ. ಚಾಪೆಲಿನ ಹಿರಿಯ ಪೆನ್‌ರೋಸ್ ಕಣ್ಣೊರೆಸಿಕೊಂಡ.

ಅದೇ ಸಂಜೆ ಸೈಲಸ್ ಹಿಂಬಾಗಿಲಿನಿಂದ ಬಾರಿಗೆ ಬಂದು, ಐರಿಷ್ ಗಣಿಗಾರರಿಗೆಲ್ಲ ಒಂದೊಂದು ಸುತ್ತು ರಮ್ ಕೊಡಿಸಿದ. “ನಮ್ಮತ್ತೆ ಲೆಕ್ಕದಲ್ಲಿ ಕುಡೀರಿ,” ಎಂದ.

“ಚಾಪೆಲಲ್ಲಿ ನೀರು, ಬಾರಲ್ಲಿ ರಮ್ಮು,” ಎಂದಳು ಅಜ್ಜಿ ಮರುದಿನ ಗಂಜಿ ಬಡಿಸುತ್ತಾ. “ನಿನ್ನ ಹೊಟ್ಟೇಲಿ ಎರಡೂ ಸೇರಿದ್ರೆ ಜಗಳ ಆಡಲ್ವೇನೋ?”

“ಅಮ್ಮಾ, ಸುಮ್ನಿರ್ತೀಯಾ?” ಎಂದಳು ಡಾರ್ಕಸ್. ಹಸಿರು ರೇಷ್ಮೆಯ ಉಡುಪಿಗೆ ಅಂಚು ಹೊಲಿಯುತ್ತಿದ್ದಳು. ಒಡೆದ ಬೆರಳಿಗೆ ನೂಲು ಸಿಕ್ಕಿಕೊಳ್ಳುತ್ತಿತ್ತು. ದಿನಾ ಮಲಗುವ ಮುಂಚೆ ಕೈಗೆ ಕುರಿಕೊಬ್ಬು ತಿಕ್ಕಿಕೊಳ್ಳುವಳು. “ಸದಸ್ಯರ ಹೆಂಡ್ತಿ ಕೈ ಹೀಗಿರತ್ತಾ? ಒಂದ್ಸಲ ಮೆಲ್ಬರ್ನಿಗೆ ಹೋದ್ರೆ ನಾನು ಬಟ್ಲು ತೊಳ್ಯಲ್ಲ.”

“ನಾನೇನ್ಮಾಡ್ಲಿ ಆಗ?”

“ನೀನಿಲ್ಲೇ ಇರ್ತೀಯಲ್ಲ, ನಿನ್ ಹೆಸ್ರಿನ ಕೆಳಗೆ.”

ಅಜ್ಜಿಗೆ ಆ ಮಾತು ಬೈಗುಳದ ಹಾಗೆ ಕೇಳಿಸಲೇ ಇಲ್ಲ. ಅವಳು ತಲೆಯಾಡಿಸಿದಳು.

ಮತಕ್ಕೆ ಎಂಟು ದಿನ ಇರುವಾಗ ಫಿಂಟನ್ ಎಂಬ ಮುದುಕ ಬಂದ. ಬೆಟ್ಟದಾಚೆ ಒಂಟಿಯಾಗಿ ಕುರಿ ಕಾಯುವವನು. ವರ್ಷಕ್ಕೊಮ್ಮೆ ಇಳಿದು ಬಂದು, ಇಡೀ ವರ್ಷದ ಕೂಲಿಯ ಚೆಕ್ಕನ್ನು ಬಾರಿನ ಮೇಲಿಟ್ಟು, “ಮುಗಿದಾಗ ಹೇಳಿ,” ಅನ್ನುವನು. ಆ ಸೀಮೆಯ ಕುರುಬರೆಲ್ಲ ಮಾಡುತ್ತಿದ್ದದ್ದು ಅದೇ. ಎಷ್ಟು ಕುಡಿದರೆ ಎಷ್ಟಾಯಿತೆಂದು ಅವರು ಕೇಳರು. ಅಜ್ಜಿಯ ಕಾಲದಲ್ಲಾದರೆ ಮೂರನೇ ದಿನ ಅವನಿಗೆ ರಮ್ ನಿಲ್ಲಿಸಿ, ಸಾರು ಕುಡಿಸಿ, ಉಳಿದದ್ದನ್ನು ಅಂಗಿಯ ಒಳಗೆ ಹೊಲಿದು ಕಳಿಸುತ್ತಿದ್ದರು. ಸೈಲಸ್‌ನ ಕಾಲದಲ್ಲಿ ನಾಲ್ಕನೇ ದಿನಕ್ಕೆ ಚೆಕ್ಕು ಮುಗಿಯಿತು.

“ಮುಗೀತಾ? ಅಷ್ಟು ಬೇಗ?” ಎಂದ ಫಿಂಟನ್. ಅವನ ಗಡ್ಡದಲ್ಲಿ ವಾಂತಿ ಒಣಗಿತ್ತು. ಮತ್ತೆ ನಕ್ಕು, ಬೆಂಚಿನ ಮೇಲೆ ಮಲಗಿ, ಕಿರುಚಿ ಹಾಡತೊಡಗಿದ.

ಆ ಸಂಜೆಯೇ ಪೆನ್‌ರೋಸ್ ಮತ್ತು ಚಾಪೆಲಿನ ಆರು ಜನ ಊಟಕ್ಕೆ ಬರುವವರಿದ್ದರು. ಊಟದ ಕೋಣೆಗೂ ಬಾರಿಗೂ ನಡುವೆ ಒಂದು ಹಲಗೆ ಗೋಡೆ ಮಾತ್ರ.

“ಎತ್ತಿ ಹೊರಗೆ ಹಾಕ್ಬೇಕು,” ಎಂದ ಸೈಲಸ್.

ಅಜ್ಜಿ ಸೌಟು ಹಿಡಿದೇ ಬಂದಳು. “ಈ ಚಳೀಲಿ ನಾಯಿನೂ ಹಾಕಲ್ಲ. ಕುದುರೆ ಲಾಯದಲ್ಲಿ ಮಲಗ್ಸು.”

“ಲಾಯದಿಂದ ಹಾಡು ಕೇಳ್ಸಲ್ವಾ?”

“ನನ್ನ ಹೋಟ್ಲಿಂದ ಯಾರನ್ನೂ ಹೀಗೆ ದಬ್ಬಿಲ್ಲ ಕಣೋ!”

“ನಿನ್ ಹೋಟ್ಲು!” ಸೈಲಸ್ ನಕ್ಕ. “ಅತ್ತೇ, ಪ್ಯಾಸ್ಟಿ ಸೀದು ಹೋಗ್ತಿದೆ ನೋಡು, ಹೋಗು. ಟ್ಯಾಮ್ಸಿನ್, ಬಾಗ್ಲು ತೆಗಿ.”

ಟ್ಯಾಮ್ಸಿನ್ ಬಾಗಿಲು ತೆಗೆದಳು. ಬೇರೇನೂ ಮಾಡಲಿಲ್ಲ. ಸೈಲಸ್ ಮುದುಕನ ಕಂಕುಳಿಗೆ ಕೈಹಾಕಿ ಎಳೆದುಕೊಂಡು ಹೋಗಿ ಗೇಟಿನಾಚೆ ಬಿಟ್ಟು, ಚಿಲಕ ಹಾಕಿ ಬಂದು ಕೈ ತೊಳೆದುಕೊಂಡ. ಅಜ್ಜಿ ಕಂಬಳಿ ತೆಗೆದುಕೊಂಡು ಹೊರಟಾಗ ಡಾರ್ಕಸ್ ಅಡ್ಡ ನಿಂತಳು. “ಅವ್ರು ಬರೋ ಹೊತ್ತು. ನಮ್ ಬಾಳು ಹಾಳು ಮಾಡ್ಬೇಡಮ್ಮಾ, ನಿನ್ ಕಾಲಿಗೆ ಬೀಳ್ತೀನಿ.” ಊಟಕ್ಕೆ ಬಡಿಸಿದ, ಮಾಂಸ ತುಂಬಿ ಬೇಯಿಸಿದ ಪ್ಯಾಸ್ಟಿ ಬಹಳ ಚೆನ್ನಾಗಿತ್ತೆಂದು ಪೆನ್‌ರೋಸ್ ಎರಡು ಸಲ ಹೇಳಿದ.

ಬೆಳಿಗ್ಗೆ ಹುಲ್ಲೆಲ್ಲ ಹಿಮ ಕಟ್ಟಿ ಬೆಳ್ಳಗಿತ್ತು. ಕಾನ್‌ಸ್ಟೇಬಲ್ ಲೀಥಮ್ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಗೋಣಿ ಹೊದಿಸಿದ್ದರು, ಕೆಳಗೆ ಫಿಂಟನ್‌ನ ಬೂಟು ಕಾಣುತ್ತಿತ್ತು. ಹೊಳೆಯ ಕಾಲುವೆಯಲ್ಲಿ ಸಿಕ್ಕಿದ್ದನಂತೆ.

“ಇಲ್ಲಿಗ್ಯಾಕೆ ತಂದ್ರಿ?” ಎಂದಳು ಡಾರ್ಕಸ್.

“ಇನ್ನೆಲ್ಲಿಗೆ ತರ್ಲಿ ತಾಯಿ? ಹೆಣ ಸಿಕ್ಕಿದ್ರೆ ಹತ್ತಿರದ ಹೋಟ್ಲೇ ಇಳಿಸ್ಕೋಬೇಕು, ಕರೋನರ್ ಸಾಹೇಬ್ರು ಬಂದು ಸಾವಿನ ವಿಚಾರಣೆ ಮಾಡೋವರೆಗೂ. ಲೈಸನ್ಸಲ್ಲೇ ಬರ್ದಿದೆ. ಬೇಡ ಅನ್ನೋ ಹಾಗಿಲ್ಲ.” ಅವನು ತಲೆಯೆತ್ತಿ ಹಲಗೆ ನೋಡಿದ. “ಕೆಜಾಯಾ ನ್ಯಾನ್‌ಕಿವೆಲ್. ಎಲ್ಲಿ ಅಜ್ಜಿ?”

ನೆಲಮಾಳಿಗೆಯಲ್ಲಿ, ತಂಪಿಗೆಂದು, ಬಿಯರ್ ಪೀಪಾಯಿಗಳ ನಡುವೆ ಮಲಗಿಸಿದರು. ಅಜ್ಜಿ ಬಿಸಿನೀರು ತಂದು ಅವನ ಗಡ್ಡ ತೊಳೆದಳು. “ಹೆಣ ಅಂದ್ರೆ ಒಳಗೆ ಬಿಟ್ಕೋಬೇಕಂತೆ,” ಎಂದಳು ಟ್ಯಾಮ್ಸಿನ್‌ಳಿಗೆ. “ಜೀವ ಇರುವಾಗ ಬಿಟ್ಕೊಳ್ಳೋಕೆ ಮಾತ್ರ ಯಾವ್ ರೂಲ್ಸೂ ಇಲ್ಲ ನೋಡು.”

ಮಧ್ಯಾಹ್ನ ಟ್ಯಾಮ್ಸಿನ್ ತಟ್ಟೆ ತೊಳೆಯುತ್ತಿದ್ದಾಗ ಸೈಲಸ್ ಒರೆಸುವ ಬಟ್ಟೆ ತೆಗೆದುಕೊಂಡು ಪಕ್ಕಕ್ಕೆ ಬಂದು ನಿಂತ. ಹನ್ನೊಂದು ವರ್ಷದಲ್ಲಿ ಅವನು ತಟ್ಟೆ ಒರೆಸಿದ್ದು ಅಂದೊಂದೇ ದಿನ.

“ನಾಳೆ ವಿಚಾರಣೇಲಿ ನಿನ್ನ ಕೇಳ್ತಾರೆ ಮಗಳೇ. ಅವನನ್ನ ಆಚೆ ಹಾಕಿದ್ಯಾರು ಅಂತ.”

“ನೀವು.”

“ಅಜ್ಜಿ ಅನ್ನು.”

ಟ್ಯಾಮ್ಸಿನ್ ಕೈಯಲ್ಲಿದ್ದ ತಟ್ಟೆಯನ್ನು ನೀರಿಗೇ ಬಿಟ್ಟಳು.

“ಕೇಳು ಮೊದ್ಲು. ಲೈಸನ್ಸ್ ಅವ್ರದ್ದು, ಹೇಗಿದ್ರೂ ಮಾತು ಅವ್ರ ಮೇಲೇ ಬರತ್ತೆ. ಎಪ್ಪತ್ತು ದಾಟಿದ ಮುದುಕೀನ ಯಾರು ಏನ್ಮಾಡ್ತಾರೆ? ನಾಲ್ಕು ಮಾತು ಬೈದು ಬಿಡ್ತಾರೆ. ಅದೇ ನಾನು ಅಂದ್ರೆ ಇನ್ನೂರು ವೋಟು ಹೋಯ್ತು.” ಅವನು ತಟ್ಟೆಯ ಅಂಚನ್ನು ನೀಟಾಗಿ ಒರೆಸಿದ. “ನಾನು ಸೋತ್ರೆ ಹೋಟ್ಲು ಮಾರ್ತೀನಿ. ನಂದೇ ತಾನೇ? ಆಮೇಲೆ ನಿಮ್ಮಮ್ಮ, ನಿಮ್ಮಜ್ಜಿ, ನೀನು ಯಾವ ಕಾಲುವೇಲಿ ಮಲಗ್ತೀರೋ ನೋಡ್ಕೊಳ್ಳಿ.”

ಅವನು ಹೋದ ಮೇಲೆ ಡಾರ್ಕಸ್ ಬಂದಳು. ಮಗಳ ಒದ್ದೆ ಕೈಯನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡು ಅತ್ತಳು. ಟ್ಯಾಮ್ಸಿನ್‌ಗೆ ಅಮ್ಮನ ಮೇಲೆ ಹುಟ್ಟಿದಷ್ಟು ಅಸಹ್ಯ ಸೈಲಸ್ ಮೇಲೂ ಹುಟ್ಟಲಿಲ್ಲ. ಆದರೂ ಆ ಕೈ ಬಿಡಿಸಿಕೊಳ್ಳಲು ಅವಳಿಂದ ಆಗಲಿಲ್ಲ.

ವಿಚಾರಣೆ ನಡೆದದ್ದು ಊಟದ ಕೋಣೆಯಲ್ಲಿ. ಹನ್ನೆರಡು ಜನ ಪಂಚರು; ಅದರಲ್ಲಿ ಒಂಬತ್ತು ಜನ ಸೈಲಸ್‌ನ ರಮ್ ಕುಡಿದವರು, ಮೂವರು ಅವನ ಪ್ಯಾಸ್ಟಿ ತಿಂದವರು. ಕರೋನರ್ ಟ್ಯಾಮ್ಸಿನ್‌ಳನ್ನು ಬೈಬಲ್ ಮುಟ್ಟಿಸಿ ಕೇಳಿದ.

“ಮೃತನನ್ನು ಹೊರಗೆ ಹಾಕಿದವರು ಯಾರು?”

ಅಜ್ಜಿ ತನ್ನ ಕಪ್ಪು ಟೋಪಿ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದಳು. ಸತ್ಯ ಹೇಳಲು ಮೊಮ್ಮಗಳು ನಿಂತಿದ್ದಾಳೆಂಬ ಧೈರ್ಯ ಅವಳ ಮುಖದಲ್ಲಿ ಇತ್ತು.

“ಅಜ್ಜಿ,” ಎಂದಳು ಟ್ಯಾಮ್ಸಿನ್.

ಕೋಣೆಯಲ್ಲಿ ಗುಜುಗುಜು ಎದ್ದಿತು. ಕರೋನರ್ ಮುದುಕಿಯತ್ತ ತಿರುಗಿದ. “ಇದು ನಿಜವೇ?”

ಅಜ್ಜಿ ಮೊಮ್ಮಗಳನ್ನು ನೋಡಿದಳು, ಆಮೇಲೆ ಮಗಳನ್ನು. ಅಳಿಯನ ಕಡೆ ತಿರುಗಲೇ ಇಲ್ಲ. “ಹೌದು ಸ್ವಾಮಿ. ಬಾಗ್ಲ ಮೇಲೆ ನನ್ನ ಹೆಸ್ರೇ ಇದೆಯಲ್ಲ,” ಎಂದಳು.

ಬೈಗುಳ ನಾಲ್ಕು ಮಾತಿಗೆ ನಿಲ್ಲಲಿಲ್ಲ. ಕುಡಿದವನ ದುಡ್ಡೆಲ್ಲ ತಿಂದು ಚಳಿಗೆ ದಬ್ಬಿದ ಪಿಶಾಚಿ ಎಂದು ಕರೋನರ್ ಹೇಳಿದ್ದು ಪತ್ರಿಕೆಯಲ್ಲಿ ಬಂತು. ಮ್ಯಾಜಿಸ್ಟ್ರೇಟರು ಅವಳ ಪರವಾನಗಿ ರದ್ದುಮಾಡಿದರು. ಬಾವಿಕಟ್ಟೆಯ ಹತ್ತಿರ ಐರಿಷ್ ಹೆಂಗಸೊಬ್ಬಳು ಅವಳ ಮುಖಕ್ಕೆ ಉಗಿದಳು. ಇಂಥ ಅತ್ತೆಯನ್ನು ಸಹಿಸಿಕೊಂಡಿದ್ದ ಸೈಲಸ್ ದೊಡ್ಡ ಮನುಷ್ಯ ಎಂದು ಚಾಪೆಲಿನಲ್ಲಿ ಮಾತಾಡಿಕೊಂಡರು.

“ಎಲೆಕ್ಷನ್ ಮುಗಿಯೋವರೆಗೂ ಅವ್ರು ಇಲ್ಲಿರೋದು ಬೇಡ,” ಎಂದ ಸೈಲಸ್. ಹನ್ನೆರಡು ಮೈಲಿ ದೂರದಲ್ಲಿ ಅವನ ಸೋದರಸಂಬಂಧಿಯ ಹೊಲಮನೆ ಇತ್ತು. ಗಾಡಿ ಹೊಡೆದುಕೊಂಡು ಹೋಗಿ ಬಿಟ್ಟು ಬರುವ ಕೆಲಸ ಟ್ಯಾಮ್ಸಿನ್‌ದಾಯಿತು.

ದಾರಿಯುದ್ದಕ್ಕೂ ಅಜ್ಜಿ ವಿಚಾರಣೆಯ ಸುದ್ದಿ ಎತ್ತಲಿಲ್ಲ. ಹೊಳೆ ದಾಟುವಾಗ ಮಾತ್ರ, “ಒಲೆ ಹೊಗೆಗೂಡು ಗುಡಿಸ್ಬೇಕು. ನೀವ್ಯಾರೂ ಗುಡಿಸಲ್ಲ,” ಎಂದಳು.

“ಭಾನ್ವಾರ ಬಂದು ಕರ್ಕೊಂಡ್ ಹೋಗ್ತೀನಿ ಅಜ್ಜಿ. ಭಾನ್ವಾರದವರೆಗೆ ಅಷ್ಟೇ.”

“ಸಾಯೋದು ನಮ್ಮನೇಲೇ ಕಣೇ. ಆ ಹೊಲಮನೆಯೋರು ಕುರಿಗೊಬ್ಬರ ಸುಡ್ತಾರೆ, ನಂಗೆ ವಾಸ್ನೆ ಆಗಲ್ಲ.”

“ಆಣೆಗೂ ಬರ್ತೀನಿ.”

“ಆಣೆ ಬೇಡ ಬಿಡು,” ಎಂದಳು ಅಜ್ಜಿ. “ನಿನ್ನ ಆಣೆ ನೋಡಿದೀನಿ.”

ಸೈಲಸ್ ನೂರ ಹತ್ತು ಮತದಿಂದ ಗೆದ್ದ. ಆ ಭಾನುವಾರ ಚಾಪೆಲಿನಲ್ಲಿ ಅವನಿಗೆ ಪ್ರಾರ್ಥನೆ ಇತ್ತು. ಟ್ಯಾಮ್ಸಿನ್ ಬನ್ನು ಬೇಯಿಸಿದಳು. ಮುಂದಿನ ಭಾನುವಾರ ಮ್ಯಾಜಿಸ್ಟ್ರೇಟರು ಊಟಕ್ಕೆ ಬಂದಿದ್ದರು. ಅವಳು ಎರಡು ಬಾತುಕೋಳಿ ಹುರಿದಳು. ಗಾಡಿ ಖಾಲಿ ಇರಲಿಲ್ಲ, ಕುದುರೆಯ ಲಾಳ ಕಳಚಿತ್ತು, ಕಾರಣಕ್ಕೇನು ಬರ. ನಿಜ ಹೇಳಬೇಕೆಂದರೆ ಅಜ್ಜಿಯ ಮುಖ ನೋಡಲು ಅವಳಿಗೆ ಹೆದರಿಕೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ. ಆ ಮನೆಯಲ್ಲಿ ಹೊಳೆ ದಾಟಿದವನು ಒಬ್ಬ, ಅಂಬಿಗನನ್ನು ನೀರಿಗೆ ನೂಕಿದವಳು ಇನ್ನೊಬ್ಬಳು.

ಆಗಸ್ಟ್ ಎರಡನೇ ವಾರ ಅವಳಿಗೆ ಇಪ್ಪತ್ತೊಂದು ತುಂಬಿತು. ಊಟಕ್ಕೆ ಕೂತಾಗ ಸೈಲಸ್ ಮುಚ್ಚಿದ ಲಕೋಟೆಯೊಂದನ್ನು ಅವಳ ತಟ್ಟೆಯ ಪಕ್ಕ ಇಟ್ಟ.

“ಹುಟ್ಟುಹಬ್ಬದ ಉಡುಗೊರೆ. ಈಗ ನೀನು ದೊಡ್ಡೋಳು, ಮದುವೆ ಆಗಿಲ್ಲ, ಲೈಸನ್ಸ್ ನಿನ್ನ ಹೆಸ್ರಿಗೆ ಕೊಟ್ಟಿದಾರೆ. ಅಸೆಂಬ್ಲಿ ಮೆಂಬರು ಹೆಂಡ ಮಾರೋಕಾಗತ್ತಾ?”

“ನಂಗೆ ಬೇಡ.”

“ಕೇಳಿದ್ಯಾರು?” ಎಂದು ಅವನು ಬಾತುಕೋಳಿಯ ತೊಡೆ ಎತ್ತಿಕೊಂಡ. ಡಾರ್ಕಸ್ ಹಸಿರು ರೇಷ್ಮೆಯಲ್ಲಿದ್ದಳು. “ಒಳ್ಳೇದೇ ಅಲ್ವೇನೇ? ಹೆಸ್ರು ಬರೆದಾಗ ನಿಮ್ಮಜ್ಜಿಗೆ ಎಷ್ಟು ಖುಷಿ ಆಗಿತ್ತು,” ಎಂದಳು.

“ಹಾಗಾದ್ರೆ ನಾಳೆ ಅಜ್ಜೀನ ಕರ್ಕೊಂಡ್ ಬರ್ತೀನಿ. ಲೈಸನ್ಸ್ ನಂದು ಅಂದ್ಮೇಲೆ.”

“ನಾಡಿದ್ದು ನಾನು ಮೆಲ್ಬರ್ನಿಗೆ ಹೊರಡ್ತೀನಿ. ಆಮೇಲೆ ಏನ್ಬೇಕಾದ್ರೂ ಮಾಡ್ಕೋ.”

ಮಾರನೇ ದಿನ ಅದೇ ಬಣ್ಣದವನು ಬಂದ. ಅಜ್ಜಿಯ ಹೆಸರಿನ ಮೇಲೆ ಬಿಳಿ ಬಳಿದು, ಅದು ಒಣಗುವ ಮುಂಚೆಯೇ ಅವಳ ಸತ್ತ ಅಪ್ಪನ ಮನೆತನದ ಹೆಸರು ಸೇರಿಸಿ ಟ್ಯಾಮ್ಸಿನ್ ಹಾಕಿಂಗ್ ಎಂದು ಬರೆದು ಹೋದ. ಬಿಸಿಲು ಬಿದ್ದಾಗ ಕೆಳಗಿನ ದೊಡ್ಡಕ್ಷರಗಳು ಇನ್ನೂ ಕಾಣುತ್ತಿದ್ದವು.

ಕಾನ್‌ಸ್ಟೇಬಲ್ ಲೀಥಮ್‌ನ ಗಾಡಿ ಬಂದದ್ದು ಅದರ ಮರುದಿನ ಬೆಳಿಗ್ಗೆ. ಟ್ಯಾಮ್ಸಿನ್ ಮೆಟ್ಟಿಲು ಉಜ್ಜುತ್ತಿದ್ದಳು. ಅವನು ಟೋಪಿ ತೆಗೆದ. ಗೋಣಿಯ ಕೆಳಗೆ ಕಂಡದ್ದು ಹೆಂಗಸಿನ ಬೂಟು. ಹಿಮ್ಮಡಿ ಸವೆದು ಚಿಂದಿಯಾಗಿತ್ತು.

“ಹೊಳೆ ಹತ್ರ ಸಿಕ್ರು,” ಎಂದ. “ಅಷ್ಟು ದೂರದಿಂದ ನಡ್ಕೊಂಡೇ ಬಂದಿದಾರೆ. ಇನ್ನು ಅರ್ಧ ಮೈಲಿ ಇತ್ತು.”

ಡಾರ್ಕಸ್ ಒಳಗಿನಿಂದ ಬಂದು ನೋಡಿ, ಬಾಯಿಗೆ ಏಪ್ರನ್ನಿನ ಅಂಚು ತುರುಕಿಕೊಂಡು ಒಳಗೆ ಓಡಿದಳು. ಸೈಲಸ್ ಪ್ರಯಾಣದ ಹೊಸ ಕೋಟಿನಲ್ಲಿ ಕಿಟಕಿಗೆ ಬಂದು ನಿಂತು, “ಲೀಥಮ್, ಈವತ್ತು ನನ್ನ ಬೀಳ್ಕೊಡೋಕೆ ಜನ ಬರ್ತಾರೆ. ಬೇರೆ ಕಡೆ ತಗೊಂಡ್ಹೋಗು,” ಎಂದ.

“ಹಾಗಾಗಲ್ಲ ಸಾರ್, ನೀವೇ ಈಗ ಕಾನೂನು ಮಾಡೋರು. ಲೈಸನ್ಸ್ ಯಾರದ್ದು ಈಗ?”

“ನಂದು,” ಎಂದಳು ಟ್ಯಾಮ್ಸಿನ್.

“ಹಾಗಾದ್ರೆ ನೀನೇ ಸಹಿ ಹಾಕಮ್ಮ. ಹೆಣ ಒಂದು, ಹೆಂಗಸು. ಇಲ್ಲಿ, ಇಳಿಸಿಕೊಂಡವರು ಅಂತಿದೆ ನೋಡು.”

ಅವಳು ಸೋಪಿನ ಕೈಯನ್ನು ಉಡುಪಿಗೆ ಒರೆಸಿಕೊಂಡು ಸಹಿ ಹಾಕಿದಳು. ನೆಲಮಾಳಿಗೆಗೆ ಇಳಿದು ತಾನೇ ಎರಡು ಪೀಪಾಯಿ ಸರಿಸಿ ಜಾಗ ಮಾಡಿದಳು. ಬಿಸಿನೀರು ತಂದು ಅಜ್ಜಿಯ ಮುಖ ತೊಳೆದಳು, ಬೆರಳ ಸಂದಿಯ ಮಣ್ಣು ತೆಗೆದಳು. ಮೇಲೆ ಜನ ಬಂದರು, ಸೈಲಸ್ ಭಾಷಣ ಮಾಡಿದ, ಯಾರೋ ಮೂರು ಸಲ ಜಯಕಾರ ಕೂಗಿದರು.

ವಿಚಾರಣೆಗಾಗಿ ಅವನ ಪ್ರಯಾಣ ಒಂದು ದಿನ ಮುಂದೆ ಹೋಯಿತು. ಅದಕ್ಕೆ ಅವನಿಗೆ ಸಿಟ್ಟು. ಮಧ್ಯಾಹ್ನ ಊಟಕ್ಕೆ ಕೂತವನು ಚಾಕು ಕೆಳಗಿಟ್ಟು ಕೇಳಿದ.

“ನಾಳೆ ಕರೋನರ್ ಕೇಳ್ತಾನೆ, ಮುದುಕೀನ ಮನೆಯಿಂದ ಕಳ್ಸಿದ್ಯಾರು ಅಂತ. ಏನ್ ಹೇಳ್ತೀಯ?”

ಟ್ಯಾಮ್ಸಿನ್ ಬಡಿಸುವ ಬಟ್ಟಲು ಹಿಡಿದು ನಿಂತಿದ್ದಳು. ಒಲೆಯ ಪಕ್ಕದ ಕುರ್ಚಿ ಖಾಲಿ ಇತ್ತು. ಅವಳು ಈ ಸಲ ಸುಳ್ಳು ಹೇಳಬಾರದೆಂದು ಬೆಳಗಿನಿಂದ ಮನಸ್ಸು ಗಟ್ಟಿಮಾಡಿಕೊಂಡಿದ್ದಳು.

“ನಾನೇ ಅಂತ ಹೇಳ್ತೀನಿ,” ಎಂದಳು. “ಗಾಡಿ ಹೊಡೆದದ್ದು ನಾನು. ಬರ್ತೀನಿ ಅಂದು ಬರದೇ ಇದ್ದಿದ್ದು ನಾನು. ಅಜ್ಜೀನ ಕೊಂದಿದ್ದು ನಾನೇ ಅಂತ ಎಲ್ಲರೆದುರಿಗೂ ಹೇಳ್ತೀನಿ.”

ಸೈಲಸ್ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಅವನ ಮುಖದ ಗಂಟು ಸಡಿಲವಾಯಿತು.

“ಅಷ್ಟು ಹೇಳಿದ್ರೆ ಸಾಕು ಮಗಳೇ,” ಎಂದ. “ಇನ್ನೆರಡು ಆಲೂಗಡ್ಡೆ ಹಾಕು.”

ಅವಳು ಹಾಕಿದಳು.